ದೈವ ಸಿನಿಮಾಕ್ಕೂ ಬಂತು, ಎಲೆಕ್ಷನಿಗೂ ಬಂತು, ಬಲಪಂಥದವರಾಗಿ ನಾವೆಂತ ಕೇಳ್ಬೇಕು?

ನೇತ್ರಾವತಿ_ತೀರ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಂದು ಬಂಟ್ವಾಳದ ಕಡೆ, ಕೆಲಸ ಬೆಂಗ್ಳೂರಲ್ಲಿ, ವೋಟ್ ಮಾತ್ರ ಊರಲ್ಲೇ ಉಂಟು. ಮೊದಲಿಂದ್ಲೂ ಬಿಜೆಪಿಗೇ ಹಾಕಿದ್ದು, ಯಾರೋ ಹೇಳಿದ್ರು ಅಂತ ಅಲ್ಲ, ದೇವಸ್ಥಾನ, ಮನೆತನ, ಊರಿನ ಕಟ್ಟುಕಟ್ಟಳೆ ಇದೆಲ್ಲ ಉಳೀಬೇಕು ಅಂತ ನಂಬುವವ ನಾನು. 2022ರ ಸೆಪ್ಟೆಂಬರಲ್ಲಿ ನಮ್ಮ ತುಳುನಾಡಿನ ದೈವಗಳ ಕಥೆಯ ಕಾಂತಾರ ಸಿನಿಮಾ ಬಂದಾಗ ಆಫೀಸಲ್ಲಿ ಪಂಜುರ್ಲಿ ಅಂದ್ರೆ ಯಾರು ಗುಳಿಗ ಅಂದ್ರೆ ಯಾರು ಅಂತ ಎಲ್ಲರೂ ಕೇಳ್ತಿದ್ರು, ಖುಷಿ ಆಗ್ತಿತ್ತು. ಆಮೇಲೆ ಆಮೇಲೆ ನೋಡಿದ್ರೆ ಹೊಟ್ಟೆ ಉರೀತದೆ. 2025ರ ಅಕ್ಟೋಬರಲ್ಲಿ ಎರಡನೇದ್ದು ಬಂದಾಗ ಜನ ದೈವದ ವೇಷ ಹಾಕ್ಕೊಂಡು ಥಿಯೇಟರಿಗೇ ಬಂದ್ರು, ಹಾಗೆ ಮಾಡ್ಬೇಡಿ ಅಂತ ಸಿನಿಮಾ ಮಾಡಿದವರೇ ಕೈಮುಗಿದು ಕೇಳ್ಬೇಕಾಯ್ತು. ನವೆಂಬರಲ್ಲಿ ಗೋವಾದ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟ ರಣವೀರ್ ಸಿಂಗ್ ಸಿನಿಮಾದ ದೈವವನ್ನೇ ಅಣಕ ಮಾಡಿದ್ರು, ಗಲಾಟೆ ಆದ್ಮೇಲೆ ಕ್ಷಮೆ ಕೇಳಿದ್ರು. ಊರಲ್ಲಿ ನೇಮಕ್ಕೆ, ಅಂದ್ರೆ ದೈವದ ಉತ್ಸವಕ್ಕೆ, ಹೋದ್ರೆ ದೈವದ ಮುಖ ಕಾಣುದಿಲ್ಲ, ಮುಂದೆ ಬರೀ ಮೊಬೈಲ್ ಎತ್ತಿದ ಕೈಗಳು.

ಇನ್ನೊಂದು ಕಡೆ ರಾಜಕೀಯ. ನಮ್ಮಲ್ಲಿ ನೇಮ ಕೋಲ ಎಲ್ಲ ದೀಪಾವಳಿಯ ನಂತರ ಶುರುವಾಗಿ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೇ ವಾರದವರೆಗೆ ನಡೀತದೆ. ಎಲೆಕ್ಷನ್ ಬರುವುದೂ ಸರಿಯಾಗಿ ಅದೇ ಹೊತ್ತಿಗೆ, 2023ರಲ್ಲಿ ಮೇ 10, 2024ರಲ್ಲಿ ಏಪ್ರಿಲ್ 26. ಕ್ಯಾಂಡಿಡೇಟ್ ಕ್ಯಾಮೆರಾದವನ ಜೊತೆ ಬಂದು ದೈವದ ಪ್ರಸಾದ ಬೂಳ್ಯ ತಗೊಳ್ತಾನೆ, ಮರುದಿನ ಬೆಳಿಗ್ಗೆ ಪೋಸ್ಟರ್. ಎಲ್ಲಾ ಪಕ್ಷದವ್ರೂ ಮಾಡ್ತಾರೆ, ನಮ್ಮವರೂ ಮಾಡ್ತಾರೆ, ನಮ್ಮವರು ಮಾಡಿದಾಗ ನನಗೆ ಹೆಚ್ಚು ಬೇಜಾರಾಗ್ತದೆ ಯಾಕಂದ್ರೆ ನಾನು ವೋಟ್ ಹಾಕಿದ್ದು ಇದನ್ನ ಕಾಯಲಿಕ್ಕೆ.

ಸಿನಿಮಾದಲ್ಲಿ ದೈವ ತೋರಿಸುದನ್ನ ಬ್ಯಾನ್ ಮಾಡಿ ಅಂತ ಕೆಲವರು ಹೇಳ್ತಾರೆ. ನನಗೆ ಅದು ಸರಿ ಕಾಣುದಿಲ್ಲ, ಇವತ್ತು ಸರ್ಕಾರವನ್ನ ದೈವಸ್ಥಾನದ ಅಂಗಳಕ್ಕೆ ನಾವೇ ಕರೆದ್ರೆ ನಾಳೆ ಹೋಗು ಅಂದ್ರೆ ಅದು ಹೋಗ್ತದಾ? ಹಾಗಾದ್ರೆ ಬ್ಯಾನ್ ಬೇಡ ಅನ್ನುವವರು ಎಂತ ಮಾಡ್ಬೇಕು? ನಮ್ಮ ವೋಟ್ ತಗೊಳ್ಳುವ ಪಕ್ಷದ ಹತ್ರ ಎಂತ ಕೇಳ್ಬೇಕು? ಇಲ್ಲಿ ಸಂಪ್ರದಾಯದ ಪರ ಇರುವವರು ತುಂಬಾ ಜನ ಇದ್ದೀರಿ ಅಂತ ಗೊತ್ತು, ಅದಕ್ಕೆ ಕೇಳುದು.

ಕಾರ್ಕಳದ_ಮೇಷ್ಟ್ರು:

ಒಳ್ಳೇ ಪ್ರಶ್ನೆ ಮಾರಾಯ್ರೆ.

ಮೊದಲು ಒಂದು ವಿಷಯ, ಹೊರಗಿನವರೂ ಓದ್ತಾರೆ ಅಂತ ಹೇಳುದು. ದೈವ ಅಂದ್ರೆ ಪಾತ್ರ ಅಲ್ಲ. ನಲಿಕೆಯವರು, ಪಂಬದರು, ಪರವರು, ಕುಂದಾಪುರದ ಕಡೆ ಪಾಣರು, ಇಂತಿಂಥ ಮನೆಯವರು ಇಂತಿಂಥ ದೈವ ಕಟ್ಟುದು ಅಂತ ಕಟ್ಟಳೆ ಉಂಟು. ಕಟ್ಟುವ ಮೊದಲು ಕೊಡುವ ಎಣ್ಣೆಬೂಳ್ಯ ತಗೊಂಡ ಮೇಲೆ ಆ ಮನುಷ್ಯ ವ್ರತದಲ್ಲಿರ್ಬೇಕು. ದೈವದ ಕಥೆಯ ಹಾಡು ಪಾಡ್ದನ ಹೇಳಿ, ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ, ಆಮೇಲೆ ದೈವದ ನುಡಿ. ಆ ನುಡಿಯಲ್ಲಿ ಜಾಗದ ತಕರಾರು ತೀರ್ತದೆ, ಮಾತುಬಿಟ್ಟ ಅಣ್ಣತಮ್ಮ ಒಂದಾಗ್ತಾರೆ, ಗುತ್ತಿನ, ಅಂದ್ರೆ ಊರಿನ ದೊಡ್ಡ ಮನೆತನದ, ಯಜಮಾನನಿಗೂ ಎಲ್ಲರ ಎದುರಲ್ಲಿ ಬೈಗುಳ ಬೀಳ್ತದೆ. ಊರು ಅಂತ ಒಂದು ಇದ್ದರೆ ಮಾತ್ರ ಇದಕ್ಕೆಲ್ಲ ಅರ್ಥ. ಸಿನಿಮಾದಲ್ಲಿ ಬಣ್ಣ ಬರ್ತದೆ, ಬೆಂಕಿ ಬರ್ತದೆ, ಊರು ಬರುದಿಲ್ಲ.

ತುಳು ನಾಟಕದಲ್ಲಿ ಯಕ್ಷಗಾನದಲ್ಲಿ ದೈವದ ಕಥೆ ಮೊದಲೂ ಬಂದದ್ದುಂಟು. ಆದ್ರೆ ನೋಡುವವರು ಊರಿನವರೇ, ಆಟ ಯಾವುದು ನೇಮ ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡುದು ಬೇಡ, ಕಲಾವಿದನಿಗೂ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿತ್ತು. ದೇಶ ಇಡೀ ನೋಡುವಾಗ ಆ ಹಿಡಿತ ಇರುದಿಲ್ಲ. ಗೋವಾದಲ್ಲಿ ಆದದ್ದೂ ಅದೇ, ಆ ಮನುಷ್ಯನಿಗೆ ಅದು ಒಂದು ನಟನೆ ಅಂತಷ್ಟೇ ಗೊತ್ತಿದ್ದದ್ದು.

ಬ್ಯಾನ್ ಬೇಡ ಅಂತ ನಾನೂ ಹೇಳ್ತೇನೆ. ಆದ್ರೆ ನಮ್ಮ ದೈವಸ್ಥಾನದ ಅಂಗಳದಲ್ಲಿ ಶೂಟಿಂಗ್ ಬೇಡ, ನೇಮದ ಹೊತ್ತಿಗೆ ಮೊಬೈಲ್ ಕಿಸೆಯಲ್ಲಿರಲಿ ಅಂತ ಹೇಳುವ ಅಧಿಕಾರ ಊರಿನ ಹತ್ತು ಸಮಸ್ತರಿಗೆ ಯಾವತ್ತೂ ಉಂಟು, ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಡ. ಅಷ್ಟು ಹೇಳುವ ಧೈರ್ಯ ಆಡಳಿತ ಮಂಡಳಿಯವರಿಗೆ ಇಲ್ಲ ಯಾಕಂದ್ರೆ ವಿಡಿಯೋ ವೈರಲ್ ಆದ್ರೆ ಜನ ಜಾಸ್ತಿ ಬರ್ತಾರೆ, ಕಾಣಿಕೆ ಜಾಸ್ತಿ ಬೀಳ್ತದೆ. ಇದನ್ನ ಪಕ್ಷದ ತಲೆಗೆ ಕಟ್ಟುದು ಸರಿಯಲ್ಲ.

ಒಂಟಿಕೊಪ್ಪಲ್_ವಾಸಿ:

ನಾನು ಮೈಸೂರಿನವನು, ಬಿಜೆಪಿಗೇ ವೋಟು, ಆದ್ರೆ ನಿಮ್ಮಿಬ್ಬರ ಮಾತನ್ನ ಪೂರ್ತಿ ಒಪ್ಪಲ್ಲ ಕಣ್ರೀ.

ಕನ್ನಡ ಸಿನಿಮಾ ನಮ್ಮ ಭಕ್ತಿಯನ್ನ ಮನೆಮನೆಗೆ ತಲುಪಿಸಿದೆ. ರಾಜಣ್ಣನ ಮೊದಲ ನಾಯಕ ಪಾತ್ರವೇ 1954ರಲ್ಲಿ ಬೇಡರ ಕಣ್ಣಪ್ಪ, ನಮ್ಮಜ್ಜಿ ಓದು ಬಾರದವರು, ಅವರಿಗೆ ಶಿವಭಕ್ತರ ಕಥೆ ಗೊತ್ತಾಗಿದ್ದು ಟೂರಿಂಗ್ ಟಾಕೀಸಲ್ಲಿ. ಈಗ ಎಷ್ಟೋ ವರ್ಷ ಆದ್ಮೇಲೆ ಊರು, ಕಾಡು, ದೈವ, ಅಪ್ಪ ಅಜ್ಜ ಕೊಟ್ಟ ಮಾತು ಅನ್ನೋ ವಿಷಯ ಇಟ್ಕೊಂಡು ಸಿನಿಮಾ ಮಾಡಿದ್ರೆ ಜನ ಕಾಲೇಜು ಹುಡುಗ್ರ ಸಮೇತ ಮುಗಿಬಿದ್ದು ನೋಡಿದ್ರು, ಅದರ ನಾಯಕನಿಗೆ ರಾಷ್ಟ್ರಪ್ರಶಸ್ತಿನೂ ಬಂತು. ಎಷ್ಟು ವರ್ಷ ಪೂಜಾರಿ ಅಂದ್ರೆ ಕಳ್ಳ, ಗೌಡ ಅಂದ್ರೆ ದುಷ್ಟ, ಜಾತ್ರೆ ಅಂದ್ರೆ ಮೂಢನಂಬಿಕೆ ಅಂತಲೇ ತೋರಿಸ್ತಿದ್ರು ಅಲ್ವೇ? ಥಿಯೇಟರಲ್ಲಿ ನಾಲ್ಕು ಹುಡುಗರು ಮಿತಿ ಮೀರಿದ್ರು ಅಂತ ಅಷ್ಟನ್ನೂ ಕೆಡುಕು ಅನ್ನೋದು ನ್ಯಾಯ ಅಲ್ಲ.

ನನಗೆ ಬೇಜಾರಿರೋದು ಬೇರೆ ಕಡೆ, ನಟರನ್ನ ಎಲೆಕ್ಷನ್‌ಗೆ ಎಳೆಯೋದು. ರಾಜಕುಮಾರ್ 1982ರಲ್ಲಿ ಗೋಕಾಕ್ ಚಳುವಳಿಗೆ ಇಳಿದಾಗ ಊರೂರೇ ಎದ್ದು ನಿಂತಿತ್ತು, ಮುಂದಿನ ಜನವರಿಯಲ್ಲಿ ಚುನಾವಣೆ, ಕಾಂಗ್ರೆಸ್ ಮೊದಲ ಸಲ ರಾಜ್ಯದಲ್ಲಿ ಅಧಿಕಾರ ಕಳ್ಕೊಳ್ತು. ಅವರು ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಆಗಬಹುದಿತ್ತು, ಆದ್ರೆ ಒಂದು ಚುನಾವಣೆಗೂ ನಿಲ್ಲಲಿಲ್ಲ. ಆ ಸಂಯಮ ಇದೆಯಲ್ಲ, ನಾವು ಸಂಪ್ರದಾಯವಾದಿಗಳು ಎತ್ತಿಹಿಡಿಯಬೇಕಾದ ಗುಣ ಅದು. ಈಗ ಎಲ್ಲ ಪಕ್ಷಕ್ಕೂ ರೋಡ್ ಶೋಗೆ ಒಬ್ಬ ಹೀರೋ ಬೇಕು. 2023ರಲ್ಲಿ ಬೊಮ್ಮಾಯಿಯವರ ಪರ ಸುದೀಪ್, ಕಾಂಗ್ರೆಸ್ ಪರ ಶಿವಣ್ಣ. 2024ರಲ್ಲಿ ಶಿವಮೊಗ್ಗದಲ್ಲಿ ಶಿವಣ್ಣನ ಪತ್ನಿಯೇ ಅಭ್ಯರ್ಥಿ, ರಾಘವೇಂದ್ರ ಅವರು ಎರಡು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ರು. ಸಿನಿಮಾ ನೋಡೋದು ಬೇರೆ ವೋಟು ಹಾಕೋದು ಬೇರೆ ಅನ್ನೋದು ಜನಕ್ಕೆ ಚೆನ್ನಾಗಿ ಗೊತ್ತು. ಆದ್ರೆ ಆಗ ನಮ್ಮ ಪಕ್ಷದ ಒಬಿಸಿ ಮೋರ್ಚಾದವರು ಎಲೆಕ್ಷನ್ ಮುಗಿಯೋವರೆಗೆ ಶಿವಣ್ಣನ ಸಿನಿಮಾ ಪ್ರದರ್ಶನ ನಿಲ್ಲಿಸಿ ಅಂತ ಆಯೋಗಕ್ಕೆ ಪತ್ರ ಬರೆದ್ರಲ್ಲ, ಅದು ತಪ್ಪು, ನಮ್ಮವರು ಅನ್ನೋ ಕಾರಣಕ್ಕೆ ನಾನು ಸಮರ್ಥಿಸಲ್ಲ. ಹಾಗಂತ ಕಾಂಗ್ರೆಸ್ಸಿನವರು ಸಾಚಾ ಅಂತಲೂ ಅಲ್ಲ, 2025ರ ಮಾರ್ಚಲ್ಲಿ ಬೆಂಗಳೂರು ಚಿತ್ರೋತ್ಸವಕ್ಕೆ ನಟರು ಬರಲಿಲ್ಲ ಅಂತ ಉಪಮುಖ್ಯಮಂತ್ರಿಗಳು ನಟ್ಟು ಬೋಲ್ಟು ಟೈಟ್ ಮಾಡೋದು ಗೊತ್ತಿದೆ ಅಂತ ವೇದಿಕೆಯಲ್ಲೇ ಹೇಳಿದ್ರು. ಕಲಾವಿದರು ಸರ್ಕಾರದ ಆಳುಗಳಲ್ಲ.

ನೇತ್ರಾವತಿ_ತೀರ:

@ಒಂಟಿಕೊಪ್ಪಲ್_ವಾಸಿ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳಿಲ್ಲ, ಥಿಯೇಟರಲ್ಲಿ ನನಗೂ ಮೈ ಜುಂ ಅಂದಿತ್ತು. ಆದ್ರೆ ಭಕ್ತರ ಕಥೆಯ ಸಿನಿಮಾಕ್ಕೂ ಇದಕ್ಕೂ ವ್ಯತ್ಯಾಸ ಉಂಟು, ದೈವ ಕಟ್ಟಿದ ಮನುಷ್ಯನೇ ಆ ಹೊತ್ತಿಗೆ ನಮಗೆ ದೈವ. ಆ ವೇಷ ಬಾಡಿಗೆಗೆ ಸಿಗುವ ಹಾಗೆ ಆದದ್ದೇ ನನ್ನ ಸಂಕಟ. ನಟರ ಬಗ್ಗೆ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ.

ಹುಬ್ಬಳ್ಳಿ_ಮಂದಿ:

ನಮಸ್ಕಾರ ರೀ. ದೈವದ್ದು ನನಗ ಭಾಳ ಗೊತ್ತಿಲ್ಲ, ನಮ್ಮ ಕಡೆ ಜಾತ್ರಿ, ತೇರು, ಮಠ. ರಾಜಕೀಯದ್ದು ಅಷ್ಟ ಹೇಳ್ತೇನಿ.

ನಿಮ್ಮ ಜಿಲ್ಲಾದಾಗ 2023ರಾಗ ರಾಜ್ಯ ಪೂರ್ತಿ ಸೋತಾಗೂ ಬಿಜೆಪಿ 8ರಾಗ 6 ಗೆದ್ದಿತ್ತು, ಉಡುಪಿಯಾಗ ಐದಕ್ಕ ಐದು. ರಾಜ್ಯದಾಗ ನೋಡಿದ್ರ 66ಕ್ಕ ಬಂದು ನಿಂತಿತು, ಕಾಂಗ್ರೆಸ್ 135. ಯಾಕ ಅಂತ ಮನಸ್ಸಿಟ್ಟು ಯೋಚನಿ ಮಾಡ್ರಿ. ನಿಮ್ಮ ಪುತ್ತೂರಾಗ ಏನಾತು? ಕಾರ್ಯಕರ್ತರು ಕೇಳಿದವರಿಗೆ ಟಿಕೆಟ್ ಕೊಡಲಿಲ್ಲ, ಅರುಣ್ ಪುತ್ತಿಲ ಪಕ್ಷೇತರ ನಿಂತು ಎರಡನೇ ಸ್ಥಾನಕ್ಕ ಬಂದ್ರು, ಅಧಿಕೃತ ಬಿಜೆಪಿ ಮೂರನೇದ್ದು, ಕಾಂಗ್ರೆಸ್ ಗೆದ್ದು ಹೋತು. ಅಲ್ಲಿ ಮಂದಿ ಹಿಂದುತ್ವ ಬ್ಯಾಡ ಅನ್ನಲಿಲ್ಲ, ಮ್ಯಾಲಿಂದ ಇಳಿಸಿದ ಕ್ಯಾಂಡಿಡೇಟ್ ಬ್ಯಾಡ ಅಂದ್ರು. ಆಮ್ಯಾಲೆ 2024ರ ನವೆಂಬರ್ ಉಪಚುನಾವಣಿ, ನಮ್ಮ ಬಾಜೂಕಿನ ಶಿಗ್ಗಾವಿಯಾಗ ಮಾಜಿ ಮುಖ್ಯಮಂತ್ರಿಗಳ ಮಗನ್ನ ನಿಲ್ಲಿಸಿದ್ರು, ಸೋತ್ರು. ಚನ್ನಪಟ್ಟಣದಾಗ ಮಿತ್ರಪಕ್ಷದವರು ಕುಮಾರಸ್ವಾಮಿಯವರ ಮಗನ್ನ ನಿಲ್ಲಿಸಿದ್ರು, ಸಿನಿಮಾ ಹೀರೋನೂ ಹೌದು, ಅವರೂ ಸೋತ್ರು. ಕುಟುಂಬ ರಾಜಕಾರಣ ಬ್ಯಾಡ ಅಂತ ದಿಲ್ಲಿಯಾಗ ಭಾಷಣ, ಇಲ್ಲಿ ಮಗ ಅಳಿಯ ಅಂದ್ರ ಹೆಂಗ ನಂಬಬೇಕು?

ಗ್ಯಾರಂಟಿ ಬಗ್ಗೆ ನನ್ನ ಅಭಿಪ್ರಾಯ ಖಡಕ್ ಐತಿ. ವರ್ಷಕ್ಕ ಸುಮಾರು 52 ಸಾವಿರ ಕೋಟಿ. 2024ರ ಜೂನ್‌ದಾಗ ಪೆಟ್ರೋಲ್ ಡೀಸೆಲ್ ಮ್ಯಾಲಿನ ತೆರಿಗಿ ಏರಿತು, 2025ರ ಜನವರಿಯಾಗ ಬಸ್ ದರ ಶೇಕಡಾ 15, ಏಪ್ರಿಲ್‌ದಾಗ ಹಾಲು ನಾಲ್ಕು ರೂಪಾಯಿ. ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸಗೊಂಡಂಗಾತು. ಆದ್ರ ಎರಡು ಸಾವಿರ ತಗೊಳ್ಳೋ ಹೆಣ್ಮಕ್ಕಳಿಗೆ ಬಿಟ್ಟಿಭಾಗ್ಯ ಅಂತ ಹೀಯಾಳಿಸೋದು ಬಿಡ್ರಿ. ನಮ್ಮ ಓಣ್ಯಾಗ ಆ ರೊಕ್ಕದಿಂದ ಮಕ್ಕಳ ಫೀ ಕಟ್ಟಿದವ್ರು ಅದಾರ, ಅವರೂ ದಿನಾ ದೀಪ ಹಚ್ಚೋರ, ಅವರೂ ಸಂಪ್ರದಾಯಸ್ಥರ. ಮತ್ತ ಮಧ್ಯಪ್ರದೇಶ, ಮಹಾರಾಷ್ಟ್ರದಾಗ ನಮ್ಮ ಪಕ್ಷನ ಹಂಥಾದ್ದ ಸ್ಕೀಮ್ ಕೊಟ್ಟು ಗೆದ್ದೈತಿ, ಅಲ್ಲೇ ಸರಿ ಇಲ್ಲೇ ತಪ್ಪು ಅಂದ್ರ ಮಂದಿ ಕೇಳೂದಿಲ್ಲ. ಸಾಲ ಮಾಡಿ ಹಂಚೋದು ತಪ್ಪು ಅಂದ್ರ ಎಲ್ಲಾ ಕಡೆ ತಪ್ಪು ಅನ್ರಿ.

ಗುಡಿ ದುಡ್ಡಿನ ವಿಷಯನೂ ಹಂಗ. 2024ರ ಫೆಬ್ರವರಿಯಾಗ ಮುಜರಾಯಿ ತಿದ್ದುಪಡಿ ಬಂದಾಗ, ಒಂದು ಕೋಟಿ ಮ್ಯಾಲಿನ ಆದಾಯ ಇದ್ದ ಗುಡಿಯಿಂದ ಶೇಕಡಾ 10 ಸಾಮಾನ್ಯ ನಿಧಿಗೆ ಅಂತ ಬರೆದಿದ್ರು, ನಮ್ಮವರು ವಿಧಾನ ಪರಿಷತ್ತಿನಾಗ ಸೋಲಿಸಿದ್ರು, ಸರ್ಕಾರ ಮತ್ತ ತಂದು ಪಾಸ್ ಮಾಡಿಸಿತು, ರಾಜ್ಯಪಾಲರು ವಾಪಸ್ ಕಳಿಸಿದ್ರು. ವಿರೋಧ ಮಾಡಿದ್ದು ನನಗ ಖುಷಿ. ಆದ್ರ ಗುಡಿ ಆದಾಯದಾಗ ಪಾಲು ತಗೊಳ್ಳೋ ನಿಯಮ 2011ರ ತಿದ್ದುಪಡಿಯೊಳಗ ಐತಿ, ಆಗ ಸರ್ಕಾರ ಯಾರದಿತ್ತು? ಸಣ್ಣ ಗುಡಿ ಅರ್ಚಕರಿಗೆ ನೆರವು ಬೇಕು ಅನ್ನೋದು ಖರೆ, ಅದನ್ನ ಗುಡಿಯವರ ತಾವ ಕೂಡಿ ಮಾಡೂವಂಗ ಕಾನೂನು ತರ್ರಿ ಅಂತ ಅಧಿಕಾರದಾಗ ಇದ್ದಾಗ ಕೇಳಬೇಕಿತ್ತು.

ಕಡೀಗೆ ಒಂದು. ಊರಿನ ಮಾತು ಊರಿನವರ ಕೈಯಾಗ ಇರಬೇಕು ಅಂತೀರಲ್ಲ, ಜಿಲ್ಲಾ ತಾಲ್ಲೂಕು ಪಂಚಾಯತಿಗೆ ಕಡೀ ಎಲೆಕ್ಷನ್ ಆಗಿದ್ದು 2016ರಾಗ. 2021ಕ್ಕ ಅವಧಿ ಮುಗೀತು. ಬಿಜೆಪಿನೂ ಮುಂದಕ್ಕ ಹಾಕಿತು, ಕಾಂಗ್ರೆಸ್ಸೂ ಮುಂದಕ್ಕ ಹಾಕಿತು. ಬಲಪಂಥದವ್ರು ಮೊದಲು ಕೂಗಬೇಕಾದ್ದು ಇದಕ್ಕ.

ದುಬೈ_ತುಳುವೆದಿ:

ತುಂಬಾ ಒಳ್ಳೆ ಚರ್ಚೆ. ನಾನು ಮೂಲ ಮೂಡಬಿದ್ರೆ, ಈಗ ದುಬೈ. ಇಲ್ಲಿಂದ ವೋಟ್ ಹಾಕ್ಲಿಕ್ಕೆ ಆಗುದಿಲ್ಲ, ಹೆಸರು ನೋಂದಾಯಿಸಿದ್ರೂ ಖುದ್ದು ಬೂತಿಗೆ ಹೋಗ್ಬೇಕು, ಹಾಗಾಗಿ ಎಲೆಕ್ಷನ್ ಬಗ್ಗೆ ಜಾಸ್ತಿ ಹೇಳುದಿಲ್ಲ.

ಮಕ್ಕಳ ಬಗ್ಗೆ ಹೇಳ್ತೇನೆ. ಸಿನಿಮಾ ನೋಡಿದ ಮೇಲೆ ನನ್ನ ಮಗಳು ಮಮ್ಮಿ ನಮ್ಮ ಮನೆಗೆ ಯಾವ ದೈವ ಅಂತ ಕೇಳಿದ್ಳು, ಅದಕ್ಕೆ ಮೊದಲು ಕೇಳಿದವಳೇ ಅಲ್ಲ. ರಜೆಗೆ ಬಂದಾಗ ಕುಟುಂಬದ ನೇಮಕ್ಕೆ ಕರ್ಕೊಂಡು ಹೋದೆ. ಪಾಡ್ದನದಲ್ಲಿ ಎಂತ ಹೇಳ್ತಿದ್ದಾರೆ ಅಂತ ಅಲ್ಲಿ ಯಾರಿಗೂ ಹೇಳ್ಲಿಕ್ಕೆ ಬರುದಿಲ್ಲ, ನನ್ನ ಪ್ರಾಯದ ಕಸಿನ್ಸ್ ಎಲ್ಲ ಊಟದ ವ್ಯವಸ್ಥೆ, ಲೈಟಿಂಗ್, ಫ್ಲೆಕ್ಸ್ ಅಂತ ಓಡಾಡ್ತಾ ಇದ್ದಾರೆ. ಕೇಳಿದ ಮಗುವಿಗೆ ಉತ್ತರ ಕೊಡುವವರು ಇಲ್ಲದಿದ್ರೆ ಅದು ಸಿನಿಮಾದವರ ತಪ್ಪಾ? ನಾವು ಮನೆಯಲ್ಲಿ ತುಳು ಮಾತಾಡುದು ಬಿಟ್ಟು ಇಂಗ್ಲಿಷ್ ಹಿಡ್ಕೊಂಡದ್ದು ಯಾವ ಸರ್ಕಾರ ಹೇಳಿ? ಊರಿನ ಕೆಲವು ಶಾಲೆಗಳಲ್ಲಿ ತುಳು ಮೂರನೇ ಭಾಷೆಯಾಗಿ ಕಲೀಲಿಕ್ಕೆ ಅವಕಾಶ ಉಂಟು, ಎಷ್ಟು ಅಪ್ಪ ಅಮ್ಮ ಸೇರಿಸ್ತಾರೆ? ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ತುಳು ಸೇರಿಸಿ ಅಂತ ಕೇಳುವ ಎಂಪಿಗಳಿಗೆ ನನ್ನ ಪೂರ್ತಿ ಬೆಂಬಲ, ಜೊತೆಗೆ ಮನೆಯಲ್ಲೂ ಮಾತಾಡುವ ಅಂತ.

ಗಗ್ಗರದ_ದನಿ:

ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ದೈವ ಕಟ್ಟುವ ಮನೆಯವ, ತಂದೆ ಕಟ್ಟುತ್ತಿದ್ದರು, ಈಗ ನಾನು. ವೋಟ್ ಬಿಜೆಪಿಗೆ, ನಂಬಿಕೆಯೂ ನಿಮ್ಮದೇ ಹಾಗೆ. ಹಾಗಾಗಿ ಹೊರಗಿನವ ಬೈದ ಅಂತ ತಿಳ್ಕೊಳ್ಬೇಡಿ.

ದೈವದ ಮರ್ಯಾದೆ ಅಂತ ಎಲ್ಲರೂ ಬರೆದಿದ್ದೀರಿ, ಕಟ್ಟುವವನ ಬಗ್ಗೆ ಮೇಷ್ಟ್ರು ಒಂದು ಸಾಲು ಬರೆದದ್ದು ಬಿಟ್ರೆ ಯಾರೂ ಬರೀಲಿಲ್ಲ. ರಾತ್ರಿ ನನ್ನ ಎದುರು ಗುತ್ತಿನವರು ಕೈಮುಗಿದು ನಿಲ್ತಾರೆ, ನುಡಿಗೆ ತಲೆ ಬಾಗ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಕೆಲವು ಮನೆಯಲ್ಲಿ ಈಗ್ಲೂ ನನಗೆ ಜಗಲಿ ಇಲ್ಲ, ಅಂಗಳವೇ. ನನ್ನ ತಂದೆಗೂ ಹಾಗೇ ಇತ್ತು, ಅವರು ಮಾತಾಡಲಿಲ್ಲ, ನಾನು ಮಾತಾಡ್ತೇನೆ. ಎಲ್ಲಾ ಕಡೆ ಹಾಗೆ ಅಂತ ಹೇಳುದಿಲ್ಲ, ಒಳಗೆ ಕರ್ದು ಜೊತೆಗೆ ಕೂತು ಊಟ ಮಾಡುವ ಮನೆಗಳೂ ಉಂಟು, ಆ ಮನೆಯ ನೇಮ ನಾನು ಸಂಬಳ ನೋಡದೆ ಒಪ್ಪಿಕೊಳ್ತೇನೆ. ಗೋವಾದಲ್ಲಿ ಅಣಕ ಮಾಡಿದ್ದಕ್ಕೆ ಎಷ್ಟು ಜನ ಸಿಟ್ಟಾದ್ರು, ಅದರಲ್ಲಿ ಕಾಲು ಭಾಗ ಸಿಟ್ಟು ಇದಕ್ಕೆ ಬಂದಿದ್ರೆ ಚೆನ್ನಾಗಿತ್ತು. ನನ್ನ ಮಗ ಡಿಪ್ಲೊಮಾ ಓದುತ್ತಾನೆ, ಗಗ್ಗರ ಹಿಡೀತೀಯಾ ಅಂತ ಕೇಳಿದ್ರೆ ಸುಮ್ಮನಿರ್ತಾನೆ. ಅವನನ್ನ ಒತ್ತಾಯ ಮಾಡುವ ಮನಸ್ಸು ನನಗಿಲ್ಲ. ಅವ ಬಿಟ್ರೆ ನಮ್ಮ ಮನೆಯಲ್ಲಿ ಮುಂದೆ ಕಟ್ಟುವವರಿಲ್ಲ, ಸಂಪ್ರದಾಯ ಉಳಿಸ್ಬೇಕು ಅನ್ನುವವರು ಲೆಕ್ಕ ಹಾಕ್ಬೇಕಾದ್ದು ಇದು.

ಸರ್ಕಾರದ ವಿಷಯಕ್ಕೆ ಬಂದ್ರೆ, 2022ರ ಅಕ್ಟೋಬರಲ್ಲಿ ಬಿಜೆಪಿ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2 ಸಾವಿರ ಅಂತ ಘೋಷಣೆ ಮಾಡಿತು, ಒಳ್ಳೇ ಕೆಲಸ. ಆದ್ರೆ ವರ್ಷಕ್ಕೆ ಆರೇಳು ತಿಂಗಳು ಮಾತ್ರ ನಮ್ಮ ಕೆಲಸ, ಪತ್ತನಾಜೆ ಆದ್ಮೇಲೆ ಮಳೆಗಾಲ ಪೂರ್ತಿ ಕೂಲಿಯೇ ಗತಿ. ಹೆಗಲ ಮೇಲೆ ಭಾರದ ಅಣಿ, ರಾತ್ರಿಯಿಡೀ ನಿದ್ದೆ ಇಲ್ಲ, ಬೆಂಕಿಯ ಹತ್ರ, 60ಕ್ಕೆ ಮೊದಲೇ ಸೊಂಟ ಮೊಣಕಾಲು ಹೋಗಿರ್ತದೆ. ಆರೋಗ್ಯ ವಿಮೆ ಕೇಳಿ, ವಯಸ್ಸು ಇಳಿಸ್ಲಿಕ್ಕೆ ಕೇಳಿ.

ಕಾಂಗ್ರೆಸ್ಸಿನವರು ಒಳ್ಳೇದು ಮಾಡಿದ್ರೆ ಅದನ್ನೂ ಹೇಳ್ಬೇಕು. ಕಂಬಳಕ್ಕೆ ಕೋರ್ಟಿನ ತೊಂದರೆ ಬಂದಾಗ 2017ರಲ್ಲಿ ತಿದ್ದುಪಡಿ ತಂದದ್ದು ಸಿದ್ದರಾಮಯ್ಯ ಸರ್ಕಾರ, ವಿರೋಧಪಕ್ಷದಲ್ಲಿದ್ದ ನಮ್ಮವರೂ ಸೇರಿದ್ರು, 2023ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಎರಡೂ ಕಡೆಯವರು ಕೂತ್ರೆ ಆಗ್ತದೆ ಅಂತ ಅಲ್ಲಿ ಕಂಡಿದೆ. ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ ಅಂತ ಪೊಲೀಸರು ನೇಮಕ್ಕೆ ಬರ್ತಾರಲ್ಲ, ಅದಕ್ಕೂ ಹಾಗೇ ಕೂತು ಒಂದು ದಾರಿ ಮಾಡ್ಲಿ. ನನ್ನನ್ನ ಕೇಳಿದ್ರೆ ಪಾಡ್ದನಕ್ಕೆ, ತೆಂಬರೆ ವಾದ್ಯಕ್ಕೆ, ನುಡಿಗೆ ಮೈಕ್ ಬೇಕಿಲ್ಲ, ನನ್ನ ತಂದೆಯ ಕಾಲದಲ್ಲಿ ಇರಲಿಲ್ಲ. ಮೈಕ್ ಬೇಕಾದ್ದು ಗಣ್ಯರ ಹೆಸರು ಓದ್ಲಿಕ್ಕೆ.

ಕಾರ್ಕಳದ_ಮೇಷ್ಟ್ರು:

@ಗಗ್ಗರದ_ದನಿ ನೀವು ಬರೆದದ್ದು ಓದಿ ತುಂಬಾ ಹೊತ್ತು ಬೇರೆ ಕೆಲಸ ಮಾಡ್ಲಿಕ್ಕೆ ಆಗಲಿಲ್ಲ. ನಮ್ಮ ದೈವಸ್ಥಾನದ ಮುಂದಿನ ಮೀಟಿಂಗಿನಲ್ಲಿ ಎರಡು ವಿಷಯ ಇಡ್ತೇನೆ, ಕಟ್ಟುವವರಿಗೆ ಎಲ್ಲರ ಜೊತೆ ಒಂದೇ ಪಂಕ್ತಿ, ಮತ್ತೆ ಕಾಣಿಕೆಯಿಂದ ಅವರ ಹೆಸರಲ್ಲಿ ವಿಮೆ. ಒಪ್ಪದವರು ಇದ್ದಾರೆ, ನನಗೆ ಯಾರು ಅಂತಲೂ ಗೊತ್ತುಂಟು, ಮಾತಾಡುವ.

ನೇತ್ರಾವತಿ_ತೀರ:

@ಗಗ್ಗರದ_ದನಿ ಅಣ್ಣ, ಧನ್ಯವಾದ. ಎಂಎಲ್ಎ ಆಫೀಸಿಗೆ ಕೊಡ್ಲಿಕ್ಕೆ ಒಂದು ಮನವಿ ಬರೀತೇನೆ. ವಿಮೆ, ಮಾಸಾಶನದ ವಯಸ್ಸು ಇಳಿಸುದು, ಜಿಲ್ಲಾ ಪಂಚಾಯತ್ ಎಲೆಕ್ಷನ್, ಆಮೇಲೆ ನೇಮಕ್ಕೆ ಬರುವಾಗ ಕ್ಯಾಮೆರಾ ತರ್ಬೇಡಿ ಅಂತಲೂ ಸೇರಿಸ್ತೇನೆ. ವ್ಯವಸ್ಥಾಪನಾ ಸಮಿತಿಗೆ ಪಕ್ಷದ ಕಾರ್ಯಕರ್ತರನ್ನೇ ತುಂಬಿಸುದು ಎರಡೂ ಸರ್ಕಾರದಲ್ಲಿ ನಡೀತದೆ, ಅದನ್ನೂ ಹಾಕ್ಬೇಕಾ ಬೇಡವಾ ಅಂತ ಯೋಚನೆ ಮಾಡ್ತಾ ಇದ್ದೇನೆ. ಕರಡು ಇಲ್ಲೇ ಹಾಕ್ತೇನೆ, ತಪ್ಪಿದ್ರೆ ತಿದ್ದಿ. ಇದೇ ಮನವಿಯನ್ನ ಕಾಂಗ್ರೆಸ್ ಎಂಎಲ್ಎ ಇರುವ ಪುತ್ತೂರಲ್ಲೂ ಉಳ್ಳಾಲದ ಕಡೆಯಲ್ಲೂ ಕೊಡುವವರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ.